ಪಾರ್ಸೆಲ್ ಮೇಲೆ ಇರೋದು ನಿಮ್ಮ ಹೆಸರು

ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬಂದು ಕೂತ್ಕೊಳ್ಳಿ, ಜಾಗ ಇದೆ.

ಆನ್‌ಲೈನ್‌ನಲ್ಲಿ ತರಿಸುವ, ನಿರ್ಬಂಧ ಇರುವ ಸಾಮಾನು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಡ್ರಗ್ಸ್, ಬಂದೂಕು. ಅದಕ್ಕೇ ಇದು ನಮ್ಮ ಕಥೆ ಅಲ್ಲ ಅಂತ ಎಷ್ಟೋ ಜನ ಸುಮ್ಮನಾಗುತ್ತಾರೆ. ಆದರೆ ಡಾಕ್ಟರ ಚೀಟಿ ಇಲ್ಲದೆ ತರಿಸಿದ ನಿದ್ದೆ ಮಾತ್ರೆಯೂ ಇದೇ ಸಾಲಿನದು. ಮೊಬೈಲ್ ಸಿಗ್ನಲ್ ತಡೆಯುವ ಜಾಮರ್ ಕೂಡ. ಚೆಂದ ಕಂಡಿತು ಅಂತ ಆರ್ಡರ್ ಮಾಡಿದ ಕಾಡು ಆರ್ಕಿಡ್, ಪುಟ್ಟ ಆಮೆಮರಿ, ಬಹಳ ಹಳೇದು ಅಂತ ಹೇಳಿ ಮಾರುವ ದಂತದ ಬಳೆ, ಇವೂ ಅಷ್ಟೇ. ಕಾಡಿನ ಪ್ರಾಣಿ, ಗಿಡಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದಕ್ಕೆ 1973ರಲ್ಲೇ ಸಹಿ ಬಿದ್ದಿದೆ. "ಸೈಟಲ್ಲಿ ಮಾರ್ತಿದ್ರು, ತಗೊಂಡೆ" ಅಂದರೆ ಕಸ್ಟಮ್ಸ್‌ನವರು ತಲೆ ಆಡಿಸಿ ಬಿಟ್ಟುಬಿಡುವುದಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಒಂದೇ ವಿಷಯ. ಈ ವ್ಯಾಪಾರದಲ್ಲಿ ಮಾರುವವನ ಹೆಸರು ಸುಳ್ಳು, ಫೋಟೋ ಸುಳ್ಳು, ಊರು ಸುಳ್ಳು. ಸೈಟ್ ನಡೆಸುವವನು ಯಾರು ಅನ್ನೋದು ದೇವರಿಗೇ ಗೊತ್ತು. ಆದರೆ ಕೊಳ್ಳುವವನು ಮಾತ್ರ ಎಲ್ಲಾದರೂ ಒಂದು ಕಡೆ ನಿಜ ಹೇಳಲೇಬೇಕು, ಯಾಕೆಂದರೆ ಸಾಮಾನು ಅವನ ಕೈಗೆ ಬರಬೇಕಲ್ವಾ? ಮೂವರಲ್ಲಿ ಸರಿಯಾದ ವಿಳಾಸ ಬರೆದುಕೊಡುವವನು ಅವನೊಬ್ಬನೇ.

ಆ ವಿಳಾಸ ಎಲ್ಲೆಲ್ಲಿ ಹೋಗುತ್ತದೆ ಅನ್ನೋದಕ್ಕೆ 2017ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಡಾರ್ಕ್‌ವೆಬ್‌ನಲ್ಲಿ, ಅಂದರೆ ಮಾಮೂಲಿ ಹುಡುಕಾಟಕ್ಕೆ ಸಿಗದ, ಗುರುತು ಮುಚ್ಚಿಡುವ ಇಂಟರ್ನೆಟ್ ಮೂಲೆಯಲ್ಲಿ, ಆಗ ಎರಡು ದೊಡ್ಡ ಮಾರುಕಟ್ಟೆ, ಆಲ್ಫಾಬೇ ಮತ್ತು ಹಾನ್ಸಾ. ಆ ವರ್ಷ ಜೂನ್‌ನಲ್ಲಿ ಡಚ್ ಪೊಲೀಸರು ಹಾನ್ಸಾವನ್ನು ಹಿಡಿದರು. ಹಿಡಿದವರು ಮುಚ್ಚಲಿಲ್ಲ. ಏನೂ ಆಗದವರ ಹಾಗೆ ಸುಮಾರು ಒಂದು ತಿಂಗಳು ತಾವೇ ಅಂಗಡಿ ನಡೆಸಿದರು! ಜುಲೈ ಶುರುವಿನಲ್ಲಿ ಆಲ್ಫಾಬೇ ಇದ್ದಕ್ಕಿದ್ದಂತೆ ನಿಂತುಹೋಯಿತು, ಅದೂ ಪೊಲೀಸರದೇ ಕೆಲಸ. ಅಲ್ಲಿದ್ದ ಗಿರಾಕಿಗಳು ಗಾಬರಿಯಾಗಿ ಎಲ್ಲಿಗೆ ಓಡಿದರು ಹೇಳಿ? ಹಾನ್ಸಾಗೇ. ಬಲೆ ಹರಿಯಿತು ಅಂತ ಹಾರಿದ ಮೀನು ಬುಟ್ಟಿಗೇ ಬಿದ್ದ ಹಾಗೆ. ಪೊಲೀಸರು ಪಾಸ್‌ವರ್ಡ್ ಬರೆದಿಟ್ಟುಕೊಂಡರು, ಸಂದೇಶಗಳಿಗೆ ಗೂಢಲಿಪಿಯ ಬೀಗ ಬೀಳುವ ಮೊದಲೇ ಓದಿಕೊಂಡರು. ಕೊನೆಗೆ ಬೇರೆ ಬೇರೆ ದೇಶಗಳ ಗಿರಾಕಿಗಳ ಸುಮಾರು 10,000 ವಿಳಾಸ ಯುರೋಪಿನ ದೇಶಗಳ ಪೊಲೀಸರನ್ನು ಜೋಡಿಸುವ ಯುರೋಪೋಲ್ ಸಂಸ್ಥೆಯ ಕೈ ಸೇರಿತು. ಆ ಒಂದು ತಿಂಗಳಲ್ಲಿ ಆರ್ಡರ್ ಮಾಡಿದವನಿಗೆ ಸೈಟ್ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸೋದು ಅದೇ.

ಪೊಲೀಸರಾದರೂ ಕಾನೂನಿನ ಪ್ರಕಾರ ಹೋಗುತ್ತಾರೆ ಅನ್ನಿ. ಅದೇ ಮಾಹಿತಿ ಕಳ್ಳನ ಕೈಯಲ್ಲಿದ್ದರೆ? 2024ರ ಮಾರ್ಚ್‌ನಲ್ಲಿ ಇನ್‌ಕಾಗ್ನಿಟೊ ಅನ್ನುವ ಮಾರುಕಟ್ಟೆಯಲ್ಲಿ ಹಾಗೇ ಆಯಿತು. ನಡೆಸುತ್ತಿದ್ದವನು ಎಲ್ಲರ ಹಣ ತಡೆಹಿಡಿದ. ಅಷ್ಟು ಸಾಲದು ಅಂತ, ನಿಮ್ಮ ಸಂದೇಶಗಳನ್ನು ನಾವು ಯಾವತ್ತೂ ಅಳಿಸಿಯೇ ಇಲ್ಲ, ದುಡ್ಡು ಕೊಡಿ, ಇಲ್ಲ ಅಂದ್ರೆ ಎಲ್ಲವನ್ನೂ ಬಯಲು ಮಾಡ್ತೀನಿ ಅಂತ ಬೆದರಿಸಿದ. ತಾನಾಗಿ ಅಳಿಸಿಹೋಗುತ್ತದೆ ಅಂತ ನಂಬಿದ್ದವರ ಮುಖ ಹೇಗಾಗಿರಬೇಕು.

ಹಣ ಕಳೆದುಕೊಳ್ಳೋದಂತೂ ಇಲ್ಲಿ ಹಳೇ ಕಥೆ. ಸಾಮಾನು ತಲುಪುವವರೆಗೆ ಹಣ ಸೈಟ್ ಹತ್ತಿರ ಇರುತ್ತದೆ, ಆದ್ದರಿಂದ ಮೋಸ ಇಲ್ಲ ಅಂತಾರೆ. 2015ರಲ್ಲಿ ಎವಲ್ಯೂಷನ್ ಮಾರುಕಟ್ಟೆಯವರು ಹಾಗೆ ಇಟ್ಟುಕೊಂಡಿದ್ದ ಹಣವನ್ನೇ ಎತ್ತಿಕೊಂಡು ಮಾಯವಾದರು. ದೂರು ಕೊಡೋಣ ಅಂದರೆ ಏನಂತ ಬರೆಯುತ್ತೀರಿ?

ಬಿಟ್‌ಕಾಯಿನ್‌ನಲ್ಲಿ ಕೊಟ್ಟರೆ ಗುರುತು ಸಿಗಲ್ಲ ಅನ್ನೋದೂ ಭ್ರಮೆ. ಅದರ ಲೆಕ್ಕದ ಪುಸ್ತಕ ಯಾರು ಬೇಕಾದರೂ ತೆರೆದು ನೋಡಬಹುದಾದದ್ದು, ಅಳಿಸಲು ಬಾರದ್ದು. ಸಿಲ್ಕ್ ರೋಡ್ ಮಾರುಕಟ್ಟೆಯಿಂದ 2012ರಲ್ಲಿ ಒಬ್ಬ 50,000ಕ್ಕೂ ಜಾಸ್ತಿ ಬಿಟ್‌ಕಾಯಿನ್ ಕದ್ದಿದ್ದ. ಅಧಿಕಾರಿಗಳು ಜಾಡು ಹಿಡಿದು ಅವನ ಮನೆ ಬಾಗಿಲಿಗೆ ಬಂದದ್ದು 2021ರಲ್ಲಿ. ಆ ಬಿಟ್‌ಕಾಯಿನ್‌ನ ಕೀಲಿಗಳು, ಅಂದರೆ ಅದನ್ನು ಖರ್ಚು ಮಾಡಲು ಬೇಕಾದ ಗುಪ್ತ ಸಂಕೇತಗಳು, ಇದ್ದದ್ದು ನೆಲದೊಳಗಿನ ತಿಜೋರಿಯಲ್ಲಿ, ಮತ್ತೆ ಬಚ್ಚಲುಮನೆ ಕಪಾಟಿನ ಪಾಪ್‌ಕಾರ್ನ್ ಡಬ್ಬಿಯೊಳಗಿನ ಒಂದು ಪುಟ್ಟ ಕಂಪ್ಯೂಟರಿನಲ್ಲಿ. ನಗಬೇಡಿ, ನಿಜ. ಒಂಬತ್ತು ವರ್ಷ ಆದಮೇಲೂ ಜಾಡು ಹಾಗೇ ಇತ್ತು.

ಇನ್ನು ಔಷಧಿ. ಇಲ್ಲಿ ಹೋಗೋದು ಹಣ ಅಲ್ಲ, ಜೀವ. ವಿಳಾಸ ಮುಚ್ಚಿಟ್ಟು ಔಷಧಿ ಮಾರುವ ಅಕ್ರಮ ಸೈಟ್‌ಗಳಲ್ಲಿ ಸಿಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದೆಯೇ ಹೇಳಿದೆ. ನೋವಿನ ಮಾತ್ರೆ ಅಂತ ಅಚ್ಚು ಹಾಕಿದ್ದರೊಳಗೆ ಫೆಂಟನಿಲ್ ಅನ್ನುವ ಭಾರೀ ನೋವುನಿವಾರಕ ಇದ್ದು, ನುಂಗಿದವರು ಸತ್ತದ್ದಿದೆ. ಅದು ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಬಲವಾದದ್ದು, ಎರಡು ಮಿಲಿಗ್ರಾಂ ಕೂಡ ಪ್ರಾಣ ತೆಗೆಯಬಲ್ಲದು. ಡಿಎನ್‌ಪಿ ಅಂತ ಇನ್ನೊಂದಿದೆ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಬಳಸಿದ್ದ ಹಳದಿ ಪುಡಿ, 1930ರ ದಶಕದಲ್ಲಿ ತೂಕ ಇಳಿಸುವ ಔಷಧಿಯಾಯಿತು, ತಿಂದವರಲ್ಲಿ ಕೆಲವರು ಕುರುಡಾದರು, ಕೆಲವರು ಸತ್ತರು, 1938ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಇವತ್ತಿಗೂ ಅದು ಕ್ಯಾಪ್ಸೂಲ್ ಆಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೈಯೊಳಗೇ ಕಾವು ಏರುತ್ತಾ ಹೋಗುತ್ತದೆ, ಇದಕ್ಕೆ ಪ್ರತಿವಿಷ ಇಲ್ಲ. 2015ರಲ್ಲಿ ಇಂಟರ್‌ಪೋಲ್ ಜಗತ್ತಿಗೆಲ್ಲ ಎಚ್ಚರಿಕೆ ಕಳಿಸಿದ್ದು ಇದೇ ಪುಡಿಯ ಬಗ್ಗೆ.

ಜನ ಕಿವಿಯಲ್ಲಿ ಬಂದು ಕೇಳುವ ಪ್ರಶ್ನೆಯನ್ನು ನಾನೇ ಕೇಳಿಬಿಡುತ್ತೇನೆ: ಆರ್ಡರ್ ಮಾಡಿ ಆಗಿಹೋಗಿದೆ, ಈಗ ಯಾರೋ ಅಧಿಕಾರಿ ಫೋನ್ ಮಾಡಿ ದಂಡ ಕಟ್ಟು ಅಂತಿದ್ದಾರೆ, ಏನು ಮಾಡಲಿ? ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಔಷಧಿ ತರಿಸಿದವರ ಹೆಸರು, ನಂಬರ್ ಇಟ್ಟುಕೊಂಡು, ತಾವು ಔಷಧಿ ನಿಯಂತ್ರಿಸುವ ಎಫ್‌ಡಿಎ ಇಲಾಖೆಯ ಅಧಿಕಾರಿಗಳು ಅಂತ ಹೆದರಿಸಿ ಹಣ ಕೀಳುವವರ ಬಗ್ಗೆ ಅಮೆರಿಕದ ಆ ಇಲಾಖೆಯೇ ಎಚ್ಚರಿಸಿದೆ. ನಿಜವಾದ ಅಧಿಕಾರಿ ಫೋನಿನಲ್ಲಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಒಬ್ಬ ವಕೀಲರ ಹತ್ತಿರ ಮಾತಾಡಿ. ಮಾತ್ರೆ ನುಂಗಿ ಮೈ ಬಿಸಿಯಾಗುತ್ತಿದ್ದರೆ, ಉಸಿರು ನಿಧಾನವಾಗುತ್ತಿದ್ದರೆ ವಕೀಲರು ಆಮೇಲೆ, ಮೊದಲು ಆಸ್ಪತ್ರೆ. ನಾಚಿಕೆಯಿಂದ ಪೊಟ್ಟಣ ಎಸೆದು ಹೋಗಬೇಡಿ. ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಡಾಕ್ಟರು ಮೊದಲು ಕೇಳೋದು ಅದನ್ನೇ.

ಈಗ ನೀವು ಕೇಳಿ.