ಸಂಕೋಚ ಮತ್ತು ಸಾಮೀಪ್ಯ

ಅಧ್ಯಕ್ಷರೇ, ಹಿರಿಯರೇ, ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡೇ ಸಭೆಗೆ ಬಂದಿರುವ ಗೆಳೆಯರೇ,

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವ ಡಾಗೆರೊಟೈಪ್ ವಿಧಾನವನ್ನು ಲೋಕಕ್ಕೆ ತಿಳಿಸಿದ್ದರಿಂದ ನಾವು ಈ ದಿನವನ್ನು ವಿಶ್ವ ಛಾಯಾಗ್ರಹಣ ದಿನವೆಂದು ಆಚರಿಸುತ್ತೇವೆ ಎಂಬುದು ನಿಮಗೆಲ್ಲ ಗೊತ್ತು. ಆ ಚರಿತ್ರೆಯನ್ನು ಬಿಟ್ಟು, ಬೀದಿಯಲ್ಲಿ ಅಪರಿಚಿತರ ಸಹಜ ಚಿತ್ರ ತೆಗೆಯಲು ಹೊರಟಾಗ ನಮ್ಮ ಕೈ ಹಿಡಿದು ನಿಲ್ಲಿಸುವ ಸಂಕೋಚದ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಈ ಸಂಕೋಚಕ್ಕೆ ಮದ್ದೆಂದು ಹೊಸಬರು ಮೊದಲು ಕೊಳ್ಳುವುದು ಉದ್ದನೆಯ ಜೂಮ್ ಲೆನ್ಸನ್ನು. ದೂರದ ಲೆನ್ಸ್ ಸಂಕೋಚವನ್ನು ಕಳೆಯುವುದಿಲ್ಲ, ಅದಕ್ಕೆ ಅಡಗುವ ಜಾಗವನ್ನು ಒದಗಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆಚೆ ಬದಿಯ ಕಂಬದ ಮರೆಯಿಂದ, ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ 300 ಎಂಎಂ ಲೆನ್ಸನ್ನು ತಮ್ಮತ್ತ ತಿರುಗಿಸಿದವರನ್ನು ಜನ ಅನುಮಾನಿಸುತ್ತಾರೆ. ಅನುಮಾನಿಸುವುದು ನ್ಯಾಯವೂ ಹೌದು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ ಪುಟ್ಟ ಲೈಕಾ ಕ್ಯಾಮೆರಾಗೆ ಬಹುಪಾಲು, ದೂರದ್ದನ್ನು ಹತ್ತಿರಕ್ಕೆ ಎಳೆಯದ 50 ಎಂಎಂ ಲೆನ್ಸನ್ನೇ ಹಾಕಿ, ಅದರ ಹೊಳೆಯುವ ಲೋಹಕ್ಕೆ ಕಪ್ಪು ಟೇಪು ಅಂಟಿಸಿಕೊಂಡು, ಜನರ ನಡುವೆಯೇ ಓಡಾಡಿದರು.

ನನ್ನೊಂದಿಗೆ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಗೆ ಬರುತ್ತಿದ್ದ ಒಬ್ಬ ಹುಡುಗನ ಸಂಗತಿಯನ್ನು ಹೇಳಬೇಕು. ಕುಂಕುಮದ ರಾಶಿ, ಬಾಳೆಗೊನೆ, ತರಕಾರಿಗಳ ಚಿತ್ರಗಳನ್ನು ಬಹಳ ಚೆನ್ನಾಗಿ ತೆಗೆಯುತ್ತಿದ್ದ. ಮನುಷ್ಯರು ಎದುರಾದರೆ ಮಾತ್ರ ಅವನ ಕ್ಯಾಮೆರಾ ಕೆಳಗಿಳಿಯುತ್ತಿತ್ತು. ಒಂದು ಬೆಳಿಗ್ಗೆ ಹೂವಿನ ಸಾಲಿನಲ್ಲಿ ಬಹಳ ಹೊತ್ತು ಹಾಗೆಯೇ ನಿಂತಿದ್ದವನನ್ನು ಕಂಡು ಹೂ ಮಾರುವ ಅಜ್ಜಿಯೇ ಕೇಳಿದರು: "ಏನಪ್ಪಾ, ಆಗ್ಲಿಂದ ನಿಂತಿದ್ದೀಯ, ಹೂವು ಬೇಕಾ, ನನ್ ಫೋಟೋ ಬೇಕಾ?" ಸುತ್ತಲಿನವರೆಲ್ಲ ನಕ್ಕರು, ಹುಡುಗನೂ ನಕ್ಕ. "ಎರಡೂ ಬೇಕು ಅಜ್ಜಿ" ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗುರುತಿನ ಚೀಟಿಯ ಫೋಟೋಕ್ಕೆ ಕೂರುವಂತೆ ಕೂತರು. ಅವನು ಅದನ್ನೂ ತೆಗೆದು ತೋರಿಸಿದ, ಅವರು ಮೆಚ್ಚಿದರು. ಅಲ್ಲಿಗೆ ಮುಗಿಸಿ ಹೊರಡಬಹುದಿತ್ತು; ಅವನು ಹೊರಡಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು, ಚೌಕಾಸಿ ನಡೆಯಿತು, ಅಜ್ಜಿ ಇವನನ್ನು ಮರೆತರು. ಮಲ್ಲಿಗೆ ದಂಡೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಹಿಡಿದು ಮೊಳ ಹಾಕುತ್ತಾ, ಕಣ್ಣನ್ನು ಮಾತ್ರ ಗಿರಾಕಿಯ ಪರ್ಸಿನ ಮೇಲೆ ನೆಟ್ಟಿದ್ದ ಆ ಗಳಿಗೆಯನ್ನು ಅವನು ಎರಡು ಮೀಟರ್ ದೂರದಿಂದ ಹಿಡಿದ. ಅನುಮತಿ ಕೇಳಿದರೆ ಸಹಜತೆ ಹೋಗುತ್ತದೆ ಎನ್ನುವವರಿಗೆ ನಾನು ಈ ಚಿತ್ರವನ್ನು ತೋರಿಸುತ್ತೇನೆ. ಹೋದ ಸಹಜತೆ ತಿರುಗಿ ಬರುತ್ತದೆ, ಬರುವವರೆಗೆ ನಾವು ಅಲ್ಲಿರಬೇಕು ಅಷ್ಟೆ.

ಹತ್ತಿರ ನಿಂತವರ ಕೈ ತಡವರಿಸಬಾರದು. ಹಳೆಯ ಫಿಲ್ಮ್ ಚೌಕದಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್8ಕ್ಕೆ ಕಿರಿದು ಮಾಡಿ, ಫೋಕಸನ್ನು 3 ಮೀಟರಿಗೆ ಕಟ್ಟಿಬಿಟ್ಟರೆ, ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಆಮೇಲೆ ನೋಡಬೇಕಾದದ್ದು ಮನುಷ್ಯರನ್ನು ಮಾತ್ರ. ಮಾರುಕಟ್ಟೆಯ ಒಳಗಿನ ಮಬ್ಬಿನಲ್ಲಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್ಓವನ್ನು 1600 ಅಥವಾ 3200ಕ್ಕೆ ಏರಿಸಲು ಹಿಂಜರಿಯಬೇಡಿ.

1923ರಲ್ಲಿ ಈ ಊರಿನಲ್ಲೇ ಹುಟ್ಟಿದ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದ ಅವರು, ನೋವಿನಲ್ಲಿದ್ದವರನ್ನೂ ಘನತೆಗೆ ಕುಂದು ತಾರದೆ ತೋರಿಸಿದರು. ದೂರದ ಲೆನ್ಸ್‌ನ ಬಗ್ಗೆ ನಾನು ಮತ್ತೆ ಮತ್ತೆ ದೂರುವುದು ಇದೇ ಕಾರಣಕ್ಕೆ: ಎದುರಿಗಿರುವವರ ಮುಖ ಸಪ್ಪಗಾದದ್ದು ಅಷ್ಟು ದೂರದಿಂದ ನಮ್ಮ ಮನಸ್ಸಿಗೆ ತಟ್ಟುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ದಸರೆಯ ಜನಸಂದಣಿಯ ಬಗ್ಗೆ ಬರೆದುಕೊಂಡು ಬಂದದ್ದನ್ನು ಬಿಡುತ್ತೇನೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಅಂಥ ಜಾಗ ಅಭ್ಯಾಸಕ್ಕೆ ಒಳ್ಳೆಯದು ಎಂದಷ್ಟೇ ತಿಳಿಯಿರಿ. ಆದರೆ ಒಂದು ಎಚ್ಚರ: ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಬೇಡವೆಂದವರ ಚಿತ್ರವನ್ನು ಅವರ ಎದುರಿನಲ್ಲೇ ಅಳಿಸಿ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಕೇಳಿ.

ನನಗೆ ಅವಸರವಿರುವುದಕ್ಕೆ ಕಾರಣವಿದೆ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಕಟ್ಟಡವನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ಬಲವಾಯಿತು. ಕಮಾನುಗಳ ಚಿತ್ರಗಳು ಬೇಕಾದಷ್ಟಿವೆ, ಅವುಗಳ ಕೆಳಗೆ ಕೂತು ಬದುಕಿದವರ ಚಿತ್ರಗಳು ಸಾಲದು. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಚಿಕ್ಕ ಗಡಿಯಾರದ ಬಳಿ ನಾನಿರುತ್ತೇನೆ. ಒಂದೇ ಲೆನ್ಸ್ ತನ್ನಿ, 50 ಎಂಎಂಗಿಂತ ಉದ್ದದ್ದು ಬೇಡ.