ಬೂಮ್ ಅಂದರೆ ತಲೆ ಬಗ್ಗಿಸಿ

ಬೆಳಿಗ್ಗೆ ಆರೂವರೆ. ಹಲಸೂರು ಕೆರೆ. ಆ ಕೊಂಬೆಗಳ ಸಂದಿಯಲ್ಲಿ ಬಿಳಿ ಬಟ್ಟೆ ಕಾಣುತ್ತಿದೆ, ಅಲ್ವಾ? ಅದು ಯಾರೋ ಒಣಗಲು ಹಾಕಿದ ಪಂಚೆ ಅಲ್ಲ, ಹಾಯಿ. ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ದಳದ ಕೇಂದ್ರ. ಸೈನ್ಯದವರು ಈ ಕೆರೆಯಲ್ಲೇ ಹಾಯಿದೋಣಿ ನಡೆಸುವುದನ್ನು ಕಲಿಯುತ್ತಾರೆ. ಸಮುದ್ರ ನೋಡಲು ರಾತ್ರಿ ಬಸ್ ಹತ್ತಬೇಕಾದ ಊರು ನಮ್ಮದು. ಇಲ್ಲಿ ಹಾಯಿ ನೋಡುವುದೇ ಒಂಥರಾ ಮಜಾ.

ಹಾಯಿಯ ಕೆಳಗಿನ ಅಂಚಿಗೆ ಅಡ್ಡವಾಗಿ ಒಂದು ಉದ್ದ ಕಂಬವಿದೆ. ಝೂಮ್ ಮಾಡುತ್ತೇನೆ, ನೋಡಿ. ಅದರ ಹೆಸರು ಬೂಮ್. ನನ್ನ ಹೊಟ್ಟೆಪಾಡಿನ ಹೆಸರೂ ಅದೇ.

ನಾನು ಧಾರಾವಾಹಿ ಸೆಟ್‌ಗಳಲ್ಲಿ ಸೌಂಡ್ ಅಸಿಸ್ಟೆಂಟ್. ಉದ್ದನೆಯ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು, ಅತ್ತೆ ಸೊಸೆ ಜಗಳ ಮುಗಿಯುವವರೆಗೂ ಅವರ ತಲೆಯ ಮೇಲೆ ಹಿಡಿದು ನಿಲ್ಲುವುದು ನನ್ನ ಕೆಲಸ. ಅತ್ತೆ ಮೆಟ್ಟಿಲು ಇಳಿಯುತ್ತಾ ಬೈದರೆ ಕೋಲೂ ಜೊತೆಗೇ ಇಳಿಯಬೇಕು. ಮೂರನೇ ನಿಮಿಷಕ್ಕೆ ಭುಜ ಉರಿಯುತ್ತದೆ. ಕೋಲು ಒಂದು ಬೆರಳಿನಷ್ಟು ಜಾರುತ್ತದೆ, ಮೈಕ್ ಫ್ರೇಮಿನೊಳಗೆ ಇಣುಕುತ್ತದೆ. ಕ್ಯಾಮೆರಾದವರು "ಬೂಮ್!" ಎಂದು ಕೂಗುತ್ತಾರೆ. ತಕ್ಷಣ ಕೈ ಮೇಲೆತ್ತಬೇಕು. ಜಗಳ ಮತ್ತೆ ಮೊದಲಿಂದ.

ಕಳೆದ ವರ್ಷ ಎರಡು ದಿನ ಹಾಯಿದೋಣಿ ಕಲಿಯಲು ಕರಾವಳಿಗೆ ಹೋಗಿದ್ದೆ. ಕಲಿಸುವವರು ದೋಣಿ ತಿರುಗಿಸುತ್ತಾ "ಬೂಮ್!" ಎಂದರು. ಅಭ್ಯಾಸಬಲ ನೋಡಿ, ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಂತುಬಿಟ್ಟೆ. ಅಲ್ಲಿ ಆ ಕೂಗಿಗೆ ಅರ್ಥವೇ ಬೇರೆ. ಹಾಯಿಗೆ ಇನ್ನೊಂದು ಕಡೆಯಿಂದ ಗಾಳಿ ಸಿಕ್ಕರೆ ಆ ಕಂಬ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಬರುತ್ತದೆ, ತಲೆ ಬಗ್ಗಿಸಿ ಅಂತ. ಬಲಗಿವಿಗೇ ಬಿತ್ತು. ಬಾತುಕೊಂಡ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ವಾರ ದುಡಿದಿದ್ದೇನೆ.

ಈ ಹುಚ್ಚು ಹಿಡಿದದ್ದು ಆ ವಾರವೇ. ಹುಡುಕಿದರೆ, ಬೂಮ್ ಅಂದರೆ ಡಚ್ ಭಾಷೆಯಲ್ಲಿ ಮರ. ನನ್ನ ಕೋಲು ಕಾರ್ಬನ್ ಫೈಬರ್‌ದು, ಆದರೂ ಹೆಸರು ಮರದ್ದೇ. ಅಲ್ಲಿಂದ ಶುರುವಾಯಿತು, ಒಂದೊಂದು ಪದ ಕೆರೆದರೂ ಉಪ್ಪುನೀರು. ಹೊಸ ಧಾರಾವಾಹಿಗೆ ಮುಂಚೆ ಚಾನೆಲ್‌ನವರಿಗೆ ತೋರಿಸಲು ಪೈಲಟ್ ಶೂಟ್ ಮಾಡುತ್ತಾರೆ. ಪೈಲಟ್ ಅಂದರೆ ವಿಮಾನ ನೆನಪಾಗುತ್ತದೆ, ಆದರೆ ಆ ಪದ ಮೊದಲು ಹಡಗಿನದು. ಇವತ್ತಿಗೂ ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗು ಬಂದರೆ, ಒಳಗೆ ದಾರಿ ತೋರಿಸಲು ಪೈಲಟ್ ಹತ್ತುತ್ತಾರೆ. ಚಾನೆಲ್ ಅಂದರೂ ನೀರಿನ ಕಾಲುವೆಯೇ. ಹಡಗನ್ನು ಮೊದಲ ಸಲ ನೀರಿಗಿಳಿಸುವುದು ಲಾಂಚ್, ಈಗ ಟೀಸರ್‌ಗೂ ಲಾಂಚ್. ಆ ಲಾಂಚ್‌ಗಳಲ್ಲಿ "ನಿರ್ದೇಶಕರೇ ಹಡಗಿನ ಕ್ಯಾಪ್ಟನ್" ಎಂದು ಮೈಕ್ ಹಿಡಿದವರೆಲ್ಲ ಹೇಳುತ್ತಾರೆ. ಚಿತ್ರ ಮುಳುಗಿದ ಮೇಲೆ ಆ ಮಾತು ಕೇಳಿದ್ದು ನೆನಪಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಲಾಗ್. ಲಾಗ್ ಅಂದರೆ ಮರದ ತುಂಡು, ಅಷ್ಟೇ. ಹಿಂದೆ ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸುಮಾರು 14.4 ಮೀಟರಿಗೊಂದು ಗಂಟು. ತುಂಡು ನೀರಿನಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿದವೋ ವೇಗ ಅಷ್ಟು. ಐದು ಗಂಟು ಜಾರಿದರೆ ಐದು ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ಆರರ ಟ್ರಾಫಿಕ್‌ಗೆ ಈ ಲೆಕ್ಕವೇ ಸರಿ ಹೊಂದುತ್ತದೆ.

ಅದನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್. ಯಾವ ಟೇಕ್ ಓಕೆ, ಯಾವುದರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು ಎಂದು ನಾನು ಬರೆಯುವುದು ಲಾಗ್‌ಶೀಟ್. ಇಂಟರ್ನೆಟ್ ಬಂದ ಮೇಲೆ ವೆಬ್‌ಲಾಗ್, ಅದು ಸವೆದು ಬ್ಲಾಗ್, ವಿಡಿಯೊ ಸೇರಿ ವ್ಲಾಗ್. ಅಂದರೆ ನೀವು ಈಗ ನೋಡುತ್ತಿರುವುದರ ಬಾಲದಲ್ಲೂ ಆ ಮರದ ತುಂಡು ತೇಲುತ್ತಿದೆ. ನಾಲ್ಕು ವರ್ಷದಿಂದ ಸುಮ್ನೆ ಹೇಳುತ್ತಿದ್ದೆ, ಗೊತ್ತೇ ಇರಲಿಲ್ಲ.

ಟಿವಿ ಆಂಕರ್‌ಗೆ ಮಾತ್ರ ನಾವು ಲಂಗರು ಅನ್ನಲಿಲ್ಲ, ನಿರೂಪಕಿ ಅಂದೆವು. ಒಳ್ಳೆಯದೇ ಆಯಿತು. ಲಂಗರಿನ ಕೆಲಸ ದೋಣಿ ಅಲ್ಲಾಡದ ಹಾಗೆ ಹಿಡಿಯುವುದು. ರಾತ್ರಿ ಒಂಬತ್ತರ ಚರ್ಚೆ ನೋಡಿದ್ದೀರಲ್ವಾ?

ಈಗ ಬಸ್ ಹತ್ತಿ ಮೆಜೆಸ್ಟಿಕ್‌ಗೆ ಬಂದಿದ್ದೇನೆ. ಕಾರಣ ಇದೆ. ಈ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅಂಬುಧಿ ಅಂದರೆ ಸಮುದ್ರ. ಆ ಕಡೆ ಚಾಮರಾಜಪೇಟೆ ಹತ್ತಿರ ಕೆಂಪಾಂಬುಧಿ. ಸಮುದ್ರವಿಲ್ಲದ ಊರಿನವರು ಕೆರೆಗಳಿಗೇ ಸಮುದ್ರ ಎಂದು ಹೆಸರಿಟ್ಟರು. ಇಲ್ಲಿಂದ ರಸ್ತೆ ದಾಟಿದರೆ ಗಾಂಧಿನಗರ, ನಮ್ಮ ಚಿತ್ರರಂಗದ ವಿಳಾಸ.

ಇಷ್ಟು ದಿನ ಡಚ್ಚು, ಇಂಗ್ಲಿಷು ಎಂದು ಹುಡುಕಿದೆ. ನಮ್ಮಲ್ಲೇ ಒಂದು ಪದ ಬಾಯಲ್ಲೇ ಇತ್ತು. ತೆರೆ. ಸಿನಿಮಾ ಬೆಳ್ಳಿತೆರೆ, ಟಿವಿ ಕಿರುತೆರೆ, ನಾಟಕ ಮುಗಿದರೆ ತೆರೆ ಬೀಳುತ್ತದೆ. ಮತ್ತೆ ದೋಣಿಯ ಕೆಳಗೆ ಏಳುವುದೂ ತೆರೆ. ಚಿತ್ರ ತೆರೆಗೆ ಬರುತ್ತದೆ, ತೆರೆ ದಡಕ್ಕೆ ಬರುತ್ತದೆ.

ನಿನ್ನೆ ರಾತ್ರಿಯ ಮಳೆಗೆ ಇಲ್ಲಿ ಇನ್ನೂ ನೀರು ನಿಂತಿದೆ. ಯಶವಂತಪುರದ ಬಸ್ ಬರುತ್ತಿದೆ. ಕ್ಯಾಮೆರಾ ಸ್ವಲ್ಪ ಮೇಲೆ ಹಿಡಿಯುತ್ತೇನೆ... ಹೋಯ್ತು, ಎರಡೂ ಶೂ ಒದ್ದೆ.