ಹಳ್ಳಿ ಕೌಂಟಿಗೆ ಹೋಗುವ ಮುಂಚೆ ಎರಡನೇ ಸಂಬಳದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಟೆಕ್ಸಾಸ್‌ನಲ್ಲಿ ಟ್ಯಾಕ್ಸೇ ಇಲ್ವಂತೆ, ಹಳ್ಳಿ ಕಡೆ ಮನೇನೂ ಅಗ್ಗವಂತೆ, ನೀವು ಹೋಗಿ ಐದು ವರ್ಷ ಆಯ್ತಲ್ಲ, ನಾವೂ ಬರಬಹುದಾ?" ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇವತ್ತು ಅರ್ಧ ಗಂಟೆ ಕೇಳಿ ತೆಗೆದುಕೊಂಡೆ.

ನಾವು ಹೋಗಿದ್ದು 2020ರ ಆಗಸ್ಟ್‌ನಲ್ಲಿ, ಫಯೆಟ್ ಕೌಂಟಿಗೆ. ಆಸ್ಟಿನ್‌ನಿಂದ 71ನೇ ಹೈವೇ ಹಿಡಿದು ಆಗ್ನೇಯಕ್ಕೆ ಸುಮಾರು 65 ಮೈಲಿ ಹೋದರೆ ಲಾ ಗ್ರೇಂಜ್ ಅಂತ ಊರು ಸಿಗುತ್ತದೆ, ಅದೇ ಕೌಂಟಿಯ ಮುಖ್ಯ ಊರು. ಹಿಂದೆ ಚೆಕ್ ಮತ್ತು ಜರ್ಮನ್ ಜನ ಬಂದು ನೆಲೆಸಿದ ಸೀಮೆ. ಒಳಗೆ ಬಣ್ಣ ಬಳಿದ ಹಳೇ ಚರ್ಚುಗಳು, ಹುಲ್ಲುಗಾವಲು, ದನ. ಕೌಂಟಿ ಅಂದರೆ ನಮ್ಮ ತಾಲೂಕಿನ ಹಾಗೆ ಅಂದುಕೊಳ್ಳಿ. ಆದರೆ ಇಲ್ಲಿ ಕೌಂಟಿಗೆ ತನ್ನದೇ ತೆರಿಗೆ ಹಾಕುವ ಅಧಿಕಾರ ಇದೆ. ಅಲ್ಲಿಂದಲೇ ಕತೆ ಶುರುವಾಗುವುದು.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಶಾಲೆ ನಡೆಯಬೇಕು, ರಸ್ತೆ ಆಗಬೇಕು, ಬೆಂಕಿ ಬಿದ್ದರೆ ಗಾಡಿ ಬರಬೇಕು. ಆ ದುಡ್ಡಿನ ದೊಡ್ಡ ಪಾಲು ಮನೆ-ಜಮೀನಿನ ಮೇಲಿನ ತೆರಿಗೆಯಿಂದ ಬರುತ್ತದೆ. ಅಕ್ಟೋಬರ್ ಹೊತ್ತಿಗೆ ಬಿಲ್ ಬರುತ್ತದೆ, ಜನವರಿ 31ರೊಳಗೆ ಕಟ್ಟಬೇಕು. ಒಂದು ದಿನ ತಪ್ಪಿದರೂ ಫೆಬ್ರವರಿಯಲ್ಲಿ ದಂಡ, ಬಡ್ಡಿ ಸೇರಿ ಶೇಕಡಾ 7 ಜಾಸ್ತಿ. ಬಿಲ್ಲಿನಲ್ಲಿ ಒಂದೇ ಸಾಲು ಇರುವುದಿಲ್ಲ. ಕೌಂಟಿಗೆ ಒಂದು, ರಸ್ತೆಗೆ ಒಂದು, ತುರ್ತು ಸೇವೆಗೆ ಒಂದು ಹೀಗೆ ಬೇರೆ ಬೇರೆ ಸಾಲು, ಎಲ್ಲಕ್ಕಿಂತ ದೊಡ್ಡದು ಆ ಭಾಗದ ಸರ್ಕಾರಿ ಶಾಲೆ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ದು.

ನಮಗೆ ಮೊದಲ ಪೆಟ್ಟು ಬಿದ್ದಿದ್ದು ಇಲ್ಲೇ. ಮನೆ ತೋರಿಸಿದ ಏಜೆಂಟ್ "ಇದರ ಟ್ಯಾಕ್ಸ್ ವರ್ಷಕ್ಕೆ ಬರೀ 1,900 ಡಾಲರ್" ಅಂದರು. ಹಳೇ ಬಿಲ್ಲನ್ನೂ ತೋರಿಸಿದರು. ಸುಳ್ಳೇನಲ್ಲ, ಆದರೆ ಅದು ಮಾರುವವರ ಬಿಲ್. ಆ ಅಜ್ಜನಿಗೆ 65 ದಾಟಿತ್ತು. ಟೆಕ್ಸಾಸ್‌ನಲ್ಲಿ 65 ದಾಟಿದವರು ಸ್ವಂತ ಮನೆಗೆ ಕಟ್ಟುವ ಶಾಲೆಯ ತೆರಿಗೆ ಅಲ್ಲಿಗೇ ನಿಂತುಬಿಡುತ್ತದೆ, ಮುಂದೆ ಏರುವುದಿಲ್ಲ. ಮನೆಯ ಹಿಂದಿನ ಆರು ಎಕರೆಯಲ್ಲಿ ಅವರು ದನಕ್ಕೆ ಹುಲ್ಲು ಬೆಳೆಯುತ್ತಿದ್ದರು, ಹಾಗಾಗಿ ಜಮೀನಿಗೆ ಮಾರ್ಕೆಟ್ ಬೆಲೆಯ ಮೇಲಲ್ಲ, ಕೃಷಿ ಬೆಲೆಯ ಮೇಲೆ ತೆರಿಗೆ. ಇನ್ನು ಸ್ವಂತ ಮನೆಯ ಬೆಲೆಯನ್ನು ತೆರಿಗೆಗಾಗಿ ವರ್ಷಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಆ ರಕ್ಷಣೆಯೂ ಅವರಿಗೆ ಎಷ್ಟೋ ವರ್ಷದಿಂದ ಇತ್ತು. ಮನೆ ನಮ್ಮ ಹೆಸರಿಗೆ ಬಂತು. 65ರ ರಿಯಾಯಿತಿ, ಹಳೇ ಬೆಲೆ ಎರಡೂ ಅವರ ಜೊತೆಯೇ ಹೋದವು. ಜಮೀನಿಗೆ ಹೊಸದಾಗಿ ಅರ್ಜಿ ಹಾಕಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ, ಅದೂ ತಪ್ಪಿತು. ಮುಂದಿನ ಬಿಲ್ 5,400 ಡಾಲರ್.

ಅದರ ಮೇಲೆ ಇನ್ನೊಂದು. ಸಾಲ ಕೊಟ್ಟ ಬ್ಯಾಂಕು ತೆರಿಗೆ ದುಡ್ಡನ್ನು ತಿಂಗಳ ಕಂತಿನ ಜೊತೆಗೇ ತೆಗೆದಿಡುತ್ತದೆ, ಎಸ್ಕ್ರೋ ಅಂತಾರಲ್ಲ, ಅದು. ಅವರೂ ಹಳೇ 1,900ರ ಲೆಕ್ಕದಲ್ಲೇ ತೆಗೆದಿಟ್ಟಿದ್ದರು. ಆ ವರ್ಷ ಕಡಿಮೆ ಬಿದ್ದ 3,500 ಡಾಲರನ್ನು ಮುಂದಿನ ವರ್ಷದ 12 ಕಂತಲ್ಲಿ ವಸೂಲಿ ಮಾಡಿ, ಆ ಮುಂದಿನ ವರ್ಷಕ್ಕೆ ಬೇಕಾದ ಹೆಚ್ಚಿನ 3,500ನ್ನೂ ಸೇರಿಸಿದರು. ತಿಂಗಳ ಕಂತು ಒಂದೇ ಸಲಕ್ಕೆ 580 ಡಾಲರ್ ಮೇಲಕ್ಕೆ ಹೋಯಿತು. ಅಡುಗೆಮನೆ ಟೇಬಲ್ ಮೇಲೆ ಆ ಕಾಗದ ಇಟ್ಟುಕೊಂಡು ನಾನೂ ನಮ್ಮವರೂ ಎಷ್ಟು ಹೊತ್ತು ಸುಮ್ನೆ ಕೂತಿದ್ದೆವೋ.

ಆದ್ದರಿಂದ ಮಾರುವವರ ಬಿಲ್ ನೋಡಬೇಡಿ. ತೆರಿಗೆಗಾಗಿ ಮನೆ-ಜಮೀನಿಗೆ ಬೆಲೆ ಕಟ್ಟುವ ಕಚೇರಿ ಇರುತ್ತದೆ, ಕೌಂಟಿ ಅಪ್ರೈಸಲ್ ಡಿಸ್ಟ್ರಿಕ್ಟ್ ಅಂತ, ಅದರ ಸೈಟಿನಲ್ಲಿ ವಿಳಾಸ ಹಾಕಿ. ಯಾವ ಯಾವ ರಿಯಾಯಿತಿ ಇದೆ ಅಂತ ಅಲ್ಲೇ ಬರೆದಿರುತ್ತದೆ. ಅವನ್ನೆಲ್ಲ ತೆಗೆದು, ನೀವು ಕೊಡುವ ಬೆಲೆಯನ್ನೇ ಹಿಡಿಯಿರಿ. ಅದರಲ್ಲಿ ನಿಮಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ನೀವೇ ವಾಸ ಇರುವ ಮನೆಯ ಬೆಲೆಯಲ್ಲಿ ತೆರಿಗೆ ಬೀಳದ ಪಾಲು, ಕಳೆದು ಉಳಿದದ್ದಕ್ಕೆ ಈಗಿನ ದರ ಹಾಕಿ ನೋಡಿ. ಶಾಲೆಯ ತೆರಿಗೆಗೆ ಅದು ನಾವು ಹೋದಾಗ 25 ಸಾವಿರ ಇತ್ತು, 2023ರಲ್ಲಿ 1 ಲಕ್ಷ ಆಯಿತು, 2025ರಿಂದ 1 ಲಕ್ಷ 40 ಸಾವಿರ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅರ್ಜಿ ಹಾಕಬೇಕು, ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಮನೆಯದೇ ವಿಳಾಸ ಇರಬೇಕು. ಎಕರೆಗಟ್ಟಲೆ ಜಾಗ ತೊಗೊಂಡು ಆಮೇಲೆ ಕೃಷಿ ಬಿಟ್ಟು ಬೇರೆ ಬಳಕೆಗೆ ಹಾಕಿದರೆ ಹಿಂದಿನ 3 ವರ್ಷದ ವ್ಯತ್ಯಾಸವನ್ನು ವಾಪಸ್ ಕಟ್ಟಬೇಕು, ಇದನ್ನೂ ನೆನಪಿಡಿ. ಹಾಗಂತ ಹಳ್ಳಿಯ ದರವೇ ಜಾಸ್ತಿ ಅಂದುಕೊಳ್ಳಬೇಡಿ. ಆಸ್ಟಿನ್, ಹ್ಯೂಸ್ಟನ್ ಸುತ್ತಲಿನ ಹೊಸ ಬಡಾವಣೆಗಳಲ್ಲಿ ನೀರು-ಚರಂಡಿಗೆ ಬೇರೆ ಡಿಸ್ಟ್ರಿಕ್ಟ್ ಇರುತ್ತದೆ. ಅದು ಸೇರಿದರೆ ಒಟ್ಟು ದರ ಶೇಕಡಾ 2.5 ದಾಟುವುದುಂಟು.

ಈಗ ನಾನು ಹೇಳಲೇಬೇಕು ಅಂತ ಬಂದ ಮಾತು. ತೆರಿಗೆ ದೊಡ್ಡ ವಿಷಯ ಅಲ್ಲ. ಮನೆ ಬೆಲೆಯೂ ಅಲ್ಲ. ಎರಡನೇ ಸಂಬಳ.

ನಮ್ಮ ಮನೆಯಲ್ಲಿ ಎರಡನೇ ಸಂಬಳ ನನ್ನದು. ಇಲ್ಲಿದ್ದಾಗ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಹೋಗುವಾಗ ಎಲ್ಲರೂ ನಮ್ಮವರ ಕೆಲಸದ ಬಗ್ಗೆಯೇ ಮಾತಾಡಿದರು, ಮನೆಯಿಂದಲೇ ಮಾಡಬಹುದಲ್ಲ, ಕೆಲಸ ಉಳಿಯುತ್ತದಲ್ಲ ಅಂತ. ನನ್ನ ಬಗ್ಗೆ "ಅಲ್ಲೂ ಆಸ್ಪತ್ರೆ ಇರುತ್ತೆ ಬಿಡು" ಅಂತ ಒಂದೇ ಮಾತಲ್ಲಿ ಮುಗಿಸಿದರು. ನಾನೂ ಹಾಗೇ ಅಂದುಕೊಂಡೆ. ಹಳ್ಳಿಯ ಸಣ್ಣ ಆಸ್ಪತ್ರೆಗಳ ಸ್ಥಿತಿ ಏನು ಅಂತ ಗೊತ್ತಿರಲಿಲ್ಲ. 2023ರ ಜನವರಿಯಿಂದ ಫೆಡರಲ್ ಸರ್ಕಾರ ಅವುಗಳಿಗಾಗಿ ಒಂದು ಹೊಸ ವ್ಯವಸ್ಥೆಯನ್ನೇ ಮಾಡಿದೆ. ರೋಗಿಗಳನ್ನು ದಾಖಲು ಮಾಡಿಕೊಳ್ಳುವ ವಾರ್ಡು ಮುಚ್ಚಿ, ತುರ್ತು ವಿಭಾಗ ಮಾತ್ರ ಉಳಿಸಿಕೊಂಡರೆ ನೆರವು ಕೊಡುತ್ತಾರೆ. ಊರಿಗೆ ಎಮರ್ಜೆನ್ಸಿ ಆದರೂ ಉಳಿಯಲಿ ಅನ್ನುವ ಉದ್ದೇಶ, ಒಳ್ಳೆಯದೇ. ಆದರೆ ವಾರ್ಡಿಲ್ಲದ ಆಸ್ಪತ್ರೆಯಲ್ಲಿ ಲ್ಯಾಬಿಗೆ ಎಷ್ಟು ಜನ ಬೇಕು, ಹೇಳಿ?

ಒಂದು ಲೆಕ್ಕ ಹಾಕೋಣ, ಬರೆದುಕೊಳ್ಳಿ. ಇವು ನಮ್ಮ ಮನೆಯ ಅಂಕಿಗಳಲ್ಲ, ಉದಾಹರಣೆಗೆ ತೆಗೆದುಕೊಂಡಿದ್ದು. ಫ್ರೀಮಾಂಟ್‌ನಲ್ಲಿ ಬಾಡಿಗೆಗಿರುವ ದಂಪತಿ. ಒಬ್ಬರಿಗೆ ವರ್ಷಕ್ಕೆ ಒಂದೂವರೆ ಲಕ್ಷ, ಇನ್ನೊಬ್ಬರಿಗೆ 90 ಸಾವಿರ, ಒಟ್ಟು 2 ಲಕ್ಷ 40 ಸಾವಿರ ಡಾಲರ್. ಬಾಡಿಗೆ ತಿಂಗಳಿಗೆ 3,400, ವರ್ಷಕ್ಕೆ 40,800. ಇಷ್ಟು ಆದಾಯಕ್ಕೆ ಕ್ಯಾಲಿಫೋರ್ನಿಯಾ ಆದಾಯ ತೆರಿಗೆ ಸುಮಾರು 14 ಸಾವಿರ, ಕೆಲಸ ಮಾಡಲಾಗದಾಗಿನ ವಿಮೆಗೆ ರಾಜ್ಯ ಸಂಬಳದಿಂದ ಹಿಡಿಯುವ ಎಸ್‌ಡಿಐ 2025ರ ದರ ಶೇಕಡಾ 1.2ರ ಹಾಗೆ ಸುಮಾರು 2,900. ಅಂದರೆ ಟೆಕ್ಸಾಸ್‌ಗೆ ಹೋದರೆ ಹತ್ತಿರ ಹತ್ತಿರ 17 ಸಾವಿರ ಉಳಿಯುತ್ತದೆ. ಎಲ್ಲರಿಗೂ ಕಾಣುವುದು ಈ 17 ಸಾವಿರ.

ಹಳ್ಳಿಯಲ್ಲಿ 3 ಲಕ್ಷ 80 ಸಾವಿರದ ಮನೆ, ಶೇಕಡಾ 20 ಕೈಯಿಂದ ಹಾಕಿ ಉಳಿದದ್ದಕ್ಕೆ ಶೇಕಡಾ 6.5ರ ಸಾಲ. ನಮಗೆ ಆಗ ಶೇಕಡಾ 3ರ ಆಸುಪಾಸಿನಲ್ಲಿ ಸಾಲ ಸಿಕ್ಕಿತ್ತು, ಆ ಕಾಲ ಈಗಿಲ್ಲ, ನಮ್ಮನ್ನು ನೋಡಿ ಲೆಕ್ಕ ಹಾಕಬೇಡಿ. ಕಂತು ವರ್ಷಕ್ಕೆ 23 ಸಾವಿರ, ಮನೆ ತೆರಿಗೆ 4,400, ಇನ್ಶೂರೆನ್ಸ್ 4,500 ಅಂತ ಇಡಿ. ಟೆಕ್ಸಾಸ್‌ನಲ್ಲಿ ಆಲಿಕಲ್ಲು, ಬಿರುಗಾಳಿ ಜಾಸ್ತಿ, ಇನ್ಶೂರೆನ್ಸ್ ಅಗ್ಗವಲ್ಲ. ಬಾವಿ ಪಂಪು, ಸೆಪ್ಟಿಕ್ ಟ್ಯಾಂಕು, ಪ್ರೊಪೇನ್ ಗ್ಯಾಸಿಗೆ 2,500. ಆಸ್ಟಿನ್ ಆಫೀಸಿಗೆ ವಾರಕ್ಕೆ ಎರಡು ದಿನ ಹೋಗಿ ಬಂದರೆ ವರ್ಷಕ್ಕೆ ಸುಮಾರು 12,500 ಮೈಲಿ. ಕಾರಿನ ಖರ್ಚಿಗೆ ಫೆಡರಲ್ ತೆರಿಗೆ ಇಲಾಖೆ ಐಆರ್‌ಎಸ್ 2025ಕ್ಕೆ ಇಟ್ಟ ದರ ಮೈಲಿಗೆ 70 ಸೆಂಟ್. ಆ ಲೆಕ್ಕದಲ್ಲಿ 8,700. ಎಲ್ಲ ಕೂಡಿಸಿದರೆ 43 ಸಾವಿರ. ಫ್ರೀಮಾಂಟ್ ಬಾಡಿಗೆ 40,800 ಇತ್ತಲ್ವಾ? ಅಗ್ಗದ ಮನೆ ಅಂದಿದ್ದು ಎಲ್ಲಿ ಹೋಯಿತು? ಕಂತಿನಲ್ಲಿ ಮೊದಲ ವರ್ಷ ಅಸಲಿಗೆ ಹೋಗುವುದು ಸುಮಾರು 3,400 ಮಾತ್ರ.

ಈಗ ಸಂಬಳ. ಕಂಪನಿಯವರು "ಆ ಊರಿಗೆ ಈ ಸಂಬಳ ಇಲ್ಲ" ಅಂತ ಶೇಕಡಾ 10 ಕಡಿಮೆ ಮಾಡಿದರು ಅನ್ನಿ. ಒಂದೂವರೆ ಲಕ್ಷ 1 ಲಕ್ಷ 35 ಸಾವಿರ ಆಯಿತು. ಎರಡನೆಯವರಿಗೆ 90 ಸಾವಿರದ ಕೆಲಸ ಸಿಗಲಿಲ್ಲ, 45 ಸಾವಿರದ್ದು ಸಿಕ್ಕಿತು. ಒಟ್ಟು ಆದಾಯದಲ್ಲಿ 60 ಸಾವಿರ ಖೋತಾ. ಆದಾಯ ಇಳಿದಿದ್ದಕ್ಕೆ ಫೆಡರಲ್ ತೆರಿಗೆ, ಮುಂದಿನ ಪಿಂಚಣಿ-ಆರೋಗ್ಯಕ್ಕೆ ಸಂಬಳದಿಂದ ಹಿಡಿಯುವ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಸೇರಿ ಸುಮಾರು 18 ಸಾವಿರ ಕಡಿಮೆ ಕಟ್ಟುತ್ತೀರಿ, ಕ್ಯಾಲಿಫೋರ್ನಿಯಾದ 17 ಸಾವಿರವೂ ಉಳಿಯಿತು. ಆದರೂ ಮನೆ ಖರ್ಚಿನ ವ್ಯತ್ಯಾಸ ಬಿಟ್ಟೇ ವರ್ಷದ ಕೊನೆಗೆ ಕೈಯಲ್ಲಿ 25 ಸಾವಿರ ಡಾಲರ್ ಕಡಿಮೆ. ಇಬ್ಬರ ಸಂಬಳವೂ ಹಾಗೇ ಉಳಿದಿದ್ದರೆ ಆ 17 ಸಾವಿರದ ಬಹುಪಾಲು ನಿಮ್ಮದೇ ಆಗುತ್ತಿತ್ತು. ಅದೇ ಮನೆ, ಅದೇ ತೆರಿಗೆ. ಬದಲಾಗಿದ್ದು ಸಂಬಳ ಮಾತ್ರ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಫ್ರೀಮಾಂಟ್‌ನಲ್ಲೇ 15 ಲಕ್ಷ ಡಾಲರಿನ ಮನೆ ಕೊಳ್ಳಲು ಹೊರಟವರಾದರೆ ಲೆಕ್ಕ ಬೇರೆ. 12 ಲಕ್ಷ ಸಾಲಕ್ಕೆ ಕಂತೇ ವರ್ಷಕ್ಕೆ 91 ಸಾವಿರ, ಅದರ ಮೇಲೆ ತೆರಿಗೆ. ಅಂಥವರಿಗೆ ಹಳ್ಳಿ ನಿಜವಾಗಲೂ ಅಗ್ಗ. ಬಾಡಿಗೆಯನ್ನು ಸ್ವಂತ ಮನೆಗೆ ಹೋಲಿಸುತ್ತಿದ್ದೀರಾ, ಸ್ವಂತ ಮನೆಯನ್ನು ಸ್ವಂತ ಮನೆಗೇ ಹೋಲಿಸುತ್ತಿದ್ದೀರಾ, ಮೊದಲು ಅದನ್ನು ತೀರ್ಮಾನ ಮಾಡಿಕೊಳ್ಳಿ. ಇಲ್ಲಿ ಹಳೇ ಮನೆ ಇರುವವರು ಇನ್ನೂ ನಿಧಾನವಾಗಿ ಯೋಚಿಸಿ. ಪ್ರೊಪೊಸಿಷನ್ 13 ಎಂಬ 1978ರ ಕ್ಯಾಲಿಫೋರ್ನಿಯಾ ನಿಯಮದಿಂದಾಗಿ ನಿಮ್ಮ ತೆರಿಗೆಯ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರಿಲ್ಲ, ಮಾರಿದರೆ ಅದು ಸಾಮಾನ್ಯವಾಗಿ ಮತ್ತೆ ಸಿಗುವುದಿಲ್ಲ. ಮಾರುವುದಾದರೆ ದಂಪತಿಗೆ 5 ಲಕ್ಷ ಡಾಲರ್ ಲಾಭದವರೆಗೆ ಫೆಡರಲ್ ತೆರಿಗೆ ಇಲ್ಲ, ಆದರೆ ಮಾರುವ ಮುಂಚಿನ 5 ವರ್ಷದಲ್ಲಿ 2 ವರ್ಷ ಅಲ್ಲಿ ವಾಸ ಇದ್ದಿರಬೇಕು. ಬಾಡಿಗೆಗೆ ಕೊಟ್ಟು ಹೋಗಿ 3 ವರ್ಷ ದಾಟಿಸಿಬಿಟ್ಟರೆ ಆ ಅವಕಾಶ ಕೈತಪ್ಪುತ್ತದೆ. ಕಂಪನಿ ಷೇರು ಇರುವವರೂ ಕೇಳಿಸಿಕೊಳ್ಳಿ. ಇಲ್ಲಿ ದುಡಿದ ಅವಧಿಯ ಆರ್‌ಎಸ್‌ಯು ಅಲ್ಲಿಗೆ ಹೋದ ಮೇಲೆ ಕೈಗೆ ಬಂದರೂ ಆ ಪಾಲಿಗೆ ಕ್ಯಾಲಿಫೋರ್ನಿಯಾ ತೆರಿಗೆ ಕೇಳುತ್ತದೆ.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ನಾನು ಕೈ ಮುಗಿದು ಹೇಳುವುದು ಇಷ್ಟು. ಮನೆಯಿಂದಲೇ ಕೆಲಸ ಅಂದರೂ ಆ ಮನೆಯೇ ನಿಮ್ಮ ಕೆಲಸದ ಜಾಗ. ಈಗಿನ ಮೆಟ್ರೋ ಪ್ರದೇಶದಿಂದ ಆಚೆ ಹೋದರೆ ಸಂಬಳ, ಕೆಲಸದ ಜಾಗದ ಬಗ್ಗೆ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಎಲ್‌ಸಿಎ ಹೊಸದಾಗಿ ಬೇಕು, ಕಂಪನಿ ಅರ್ಜಿ ತಿದ್ದಿ ಮತ್ತೆ ಸಲ್ಲಿಸಬೇಕು. ವಲಸೆ ಇಲಾಖೆಯ 2015ರ ಸಿಮಿಯೋ ತೀರ್ಪಿನ ನಂತರ ಇದರಲ್ಲಿ ಅನುಮಾನವೇ ಉಳಿದಿಲ್ಲ. ಗ್ರೀನ್ ಕಾರ್ಡಿಗೆ ಮೊದಲು ಕಾರ್ಮಿಕ ಇಲಾಖೆಯಿಂದ ಪಡೆಯುವ ಪರ್ಮ್ ಒಪ್ಪಿಗೆ ಕೂಡ ಕೆಲಸದ ಜಾಗಕ್ಕೆ ಅಂಟಿಕೊಂಡಿದೆ, ಜಾಗ ಬದಲಾದರೆ ಅದನ್ನು ಮತ್ತೆ ಮೊದಲಿಂದ ಮಾಡಬೇಕಾಗಿ ಬರಬಹುದು. ವಕೀಲರನ್ನು ಕೇಳದೆ ಸಾಮಾನು ಕಟ್ಟಬೇಡಿ. ಇನ್ನು ಕೆಲಸ ಹೋದರೆ ಈ ದೇಶದಲ್ಲಿ ಉಳಿಯಲು ನಿಮಗೆ ಇರುವುದು ಹೆಚ್ಚೆಂದರೆ 60 ದಿನ. ಇಲ್ಲಿ ಬೇ ಏರಿಯಾದಲ್ಲಾದರೆ ಹತ್ತು ಕಡೆ ವಿಚಾರಿಸಬಹುದು. ಹಳ್ಳಿ ಕೌಂಟಿಯಲ್ಲಿ 60 ದಿನದೊಳಗೆ ಹೊಸ ಕೆಲಸ ಹುಡುಕಿ, ಮನೆ ಮಾರಿ, ಮಕ್ಕಳ ಶಾಲೆ ಬದಲಿಸಿ ಹೊರಡಬೇಕು ಅಂದರೆ ಹೇಗಿರುತ್ತದೆ ಅಂತ ಯೋಚಿಸಿ. ಅಲ್ಲಿ ಮನೆ ಬೇಗ ಮಾರಾಟವೂ ಆಗುವುದಿಲ್ಲ. ಕೆಲಸ ಕಡಿಮೆ ಇರುವುದಕ್ಕೇ ಅಲ್ಲಿ ಮನೆ ಅಗ್ಗ. ಮುಂಗಡ ಕಟ್ಟದೆ ಕೃಷಿ ಇಲಾಖೆಯ (ಯುಎಸ್‌ಡಿಎ) ಹಳ್ಳಿ ಮನೆ ಸಾಲ ಸಿಗುತ್ತದಂತೆ ಅಂತ ಕೇಳುತ್ತಾರೆ. ಅದಕ್ಕೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರಬೇಕು, ಆದಾಯಕ್ಕೆ ಮಿತಿಯೂ ಇದೆ. ಎಚ್-1ಬಿಗೆ ಸಿಗುವುದಿಲ್ಲ.

ಡಾಕ್ಟರುಗಳದ್ದು ತಿರುಗುಮುರುಗು. ತರಬೇತಿಗೆಂದು ಜೆ-1 ವೀಸಾದಲ್ಲಿ ಬಂದವರು ಡಾಕ್ಟರು ಕಡಿಮೆ ಇರುವ ಕಡೆ 3 ವರ್ಷ ಕೆಲಸ ಮಾಡಿದರೆ ಎರಡು ವರ್ಷ ತಾಯ್ನಾಡಿಗೆ ವಾಪಸ್ ಹೋಗಬೇಕೆಂಬ ಷರತ್ತು ಹೋಗುತ್ತದೆ, ಕಾನ್‌ರಾಡ್ 30 ಅಂತ, ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಜನ. ಅವರಿಗೆ ಹಳ್ಳಿಯಲ್ಲೇ ಬೇಡಿಕೆ. ಆದರೆ ಅವರ ಮನೆಯ ಎರಡನೇ ಸಂಬಳಕ್ಕೆ ನನ್ನ ಕತೆಯೇ.

ಬೇರೆ ರಾಜ್ಯ ನೋಡುತ್ತಿರುವವರು ಅಲ್ಲಿಯದೇ ನಿಯಮ ಓದಿ. ಟೆನ್ನೆಸ್ಸಿಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಆದರೆ ಅಕ್ಕಿ-ಬೇಳೆಗೂ ಸೇಲ್ಸ್ ಟ್ಯಾಕ್ಸ್ ಇದೆ. ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ್ದು ಶೇಕಡಾ 3.07, ಅದರ ಮೇಲೆ ಊರು ಮತ್ತು ಶಾಲೆಗೆ ಸಂಬಳದಿಂದ ಬೇರೆ ಹಿಡಿಯುತ್ತಾರೆ. ನ್ಯೂಯಾರ್ಕ್ ಕಂಪನಿಗೆ ಬೇರೆ ರಾಜ್ಯದ ಮನೆಯಿಂದ ಕೆಲಸ ಮಾಡಿದರೂ ಸಾಮಾನ್ಯವಾಗಿ ನ್ಯೂಯಾರ್ಕ್ ತೆರಿಗೆ ತಪ್ಪುವುದಿಲ್ಲ.

ಹಣದ ಲೆಕ್ಕಕ್ಕೆ ಸಿಗದ ಒಂದು ಖರ್ಚೂ ಇದೆ. 2021ರ ಫೆಬ್ರವರಿಯ ಹಿಮಗಾಳಿ ನಿಮಗೆಲ್ಲ ನೆನಪಿರಬೇಕು. ಕರೆಂಟ್ ಹೋಯಿತು. ಬಾವಿ ಪಂಪು ಕರೆಂಟಿನದು, ಹಾಗಾಗಿ ನೀರೂ ಹೋಯಿತು. ಅಂಗಳದ ಹಿಮವನ್ನು ಇಡ್ಲಿ ಪಾತ್ರೆಯಲ್ಲಿ ತುಂಬಿ ಪ್ರೊಪೇನ್ ಒಲೆ ಮೇಲೆ ಕರಗಿಸಿದೆ. ತುಂಬಿದ ಪಾತ್ರೆ ಕರಗಿದರೆ ಎರಡು ಲೋಟ ನೀರೂ ಆಗುತ್ತಿರಲಿಲ್ಲ. ಮೂರನೇ ದಿನ ಪಕ್ಕದ ಹೊಲದವರು ಟ್ರ್ಯಾಕ್ಟರಿನಲ್ಲಿ ಒಂದು ಡ್ರಮ್ ನೀರು ತಂದು ಬಾಗಿಲಲ್ಲಿ ಇಳಿಸಿದರು, ಮಾತೇ ಆಡದೆ ಹೋದರು. ಆ ಊರು ಬಿಟ್ಟು ಬರಲು ನನಗೆ ಮನಸ್ಸಿಲ್ಲ ಅಂದರೆ ಅದಕ್ಕೆ ಇಂಥವು ಕಾರಣ.

ನಾನೀಗ ವಾರಕ್ಕೆ ಮೂರು ರಾತ್ರಿ ಆಸ್ಟಿನ್ ಆಸ್ಪತ್ರೆಯಲ್ಲಿ ಶಿಫ್ಟ್ ಮಾಡುತ್ತೇನೆ. ಹೋಗುವುದು ಒಂದು ಗಂಟೆ ಕಾಲು, ಬರುವುದು ಒಂದು ಗಂಟೆ ಕಾಲು. ಹೋಗುವ ಮುಂಚೆಯೇ ನನ್ನ ಕೆಲಸವನ್ನು ಹುಡುಕಿಟ್ಟು ಆಮೇಲೆ ಮನೆ ನೋಡಿದ್ದರೆ ಲಾ ಗ್ರೇಂಜ್‌ಗಿಂತ ಸುಮಾರು 30 ಮೈಲಿ ಆಸ್ಟಿನ್‌ಗೆ ಹತ್ತಿರ, ಬ್ಯಾಸ್ಟ್ರಾಪ್ ಕಡೆ ಕೊಳ್ಳುತ್ತಿದ್ದೆವು. ನೀವು ಹಾಗೇ ಮಾಡಿ. ಎರಡನೆಯವರ ಕೈಗೆ ಆಫರ್ ಲೆಟರ್ ಬಂದ ಮೇಲೆ ಮನೆ ಹುಡುಕಿ. ಬರದಿದ್ದರೆ ಒಂದೇ ಸಂಬಳದಲ್ಲಿ ಈ 43 ಸಾವಿರ ನಡೆಯುತ್ತದಾ ನೋಡಿ, ಆ ಒಂದು ಸಂಬಳವೂ ನಿಂತರೆ ಆರು ತಿಂಗಳು ದೂಡುವಷ್ಟು ದುಡ್ಡು ಬ್ಯಾಂಕಿನಲ್ಲಿ ಇದೆಯಾ ನೋಡಿ.

ಯಾರಾದರೂ ಆಗಲೇ ಮನೆ ನೋಡಿದ್ದರೆ ವಿಳಾಸ ಕೊಡಿ. ಲ್ಯಾಪ್‌ಟಾಪ್ ತಂದಿದ್ದೇನೆ, ಊಟ ಆದ ಮೇಲೆ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಕೂತಿರುತ್ತೇನೆ. ಅಪ್ರೈಸಲ್ ಡಿಸ್ಟ್ರಿಕ್ಟ್ ಸೈಟ್ ತೆಗೆದು ಒಟ್ಟಿಗೆ ನೋಡೋಣ. ಬರುವಾಗ ಇಬ್ಬರೂ ಬನ್ನಿ.